ದೃಷ್ಟಾಂತ, ಚಿತ್ರ ಮತ್ತು ಗೋಕಾಕದ ಕಟ್ಟಿಗೆ ಹಣ್ಣು

ಇಂಗ್ಲಿಷಿನ ‘ಇಲಸ್ಟ್ರೇಶನ್’ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಬೆಳಕು ಚೆಲ್ಲುವುದು ಎಂಬುದು ಅದರ ಮೂಲಾರ್ಥ. ಮಾತನ್ನು ಉದಾಹರಣೆಯಿಂದ ತಿಳಿಯಾಗಿಸುವ ಅರ್ಥ ಆಮೇಲೆ ಬಂತು. ಪುಸ್ತಕದ ಚಿತ್ರಕ್ಕೆ ಆ ಹೆಸರು ಅಂಟಿದ್ದು 19ನೆಯ ಶತಮಾನದಲ್ಲಿ. ಕನ್ನಡ ಈ ಹೊರೆಯನ್ನು ಒಂದೇ ಪದದ ಮೇಲೆ ಹೇರಲಿಲ್ಲ. ಹೇಳಿ ತಿಳಿಸಿದರೆ ದೃಷ್ಟಾಂತ, ನಿದರ್ಶನ, ಉದಾಹರಣೆ. ಬರೆದು ತೋರಿಸಿದರೆ ಚಿತ್ರ. ಚಿತ್ರವುಳ್ಳ ಪುಸ್ತಕ ‘ಸಚಿತ್ರ’.

ಇವುಗಳಲ್ಲಿ ದೃಷ್ಟಾಂತದ ಓಡಾಟವೇ ಹೆಚ್ಚು. ಸಾಮಾನ್ಯನಿಗೂ ಪಂಡಿತನಿಗೂ ಯಾವುದರಲ್ಲಿ ಒಂದೇ ತಿಳಿವಳಿಕೆ ಇದೆಯೋ ಅದು ದೃಷ್ಟಾಂತ ಎನ್ನುತ್ತದೆ ನ್ಯಾಯಸೂತ್ರ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಸಾಧಿಸಲು ತಾರ್ಕಿಕರು ಕೈ ತೋರಿದ್ದು ಅಡುಗೆಮನೆಯ ಕಡೆಗೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಈ ಪದಕ್ಕೆ ಮತ್ತೊಂದು ಬಾಳುವೆಯೂ ಉಂಟು. ದೇವರು ಕನಸಿನಲ್ಲಿ ಬಂದು ಏನಾದರೂ ಸೂಚಿಸಿದರೆ ‘ದೃಷ್ಟಾಂತ ಆತು’ ಎನ್ನುತ್ತಾರೆ. ನೆರೆಯ ಮರಾಠಿಯಲ್ಲೂ ಇದೇ ಅರ್ಥ ಇದೆ. ಇಲ್ಲಿ ಕಂಡವನು ಒಬ್ಬನೇ, ಒಪ್ಪಬೇಕಾದವರು ಊರವರೆಲ್ಲ. ತಾರ್ಕಿಕರ ದೃಷ್ಟಾಂತಕ್ಕೆ ಇದು ತದ್ವಿರುದ್ಧ.

ಪದಕ್ಕೆ ಮೂರನೆಯ ನೆಲೆ ಸಿಕ್ಕಿದ್ದು ಕೋರ್ಟಿನಲ್ಲಿ.  ಬ್ರಿಟಿಷ್ ಆಳ್ವಿಕೆಯಲ್ಲಿ ಮೆಕಾಲೆಯ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡು 1860ರಲ್ಲಿ ಭಾರತೀಯ ದಂಡ ಸಂಹಿತೆಯಾಗಿ, 1862ರಿಂದ ಜಾರಿಗೆ ಬಂತು. ಕಲಮಿನ ಕೆಳಗೆ ಪುಟ್ಟ ಪುಟ್ಟ ಪ್ರಸಂಗಗಳನ್ನು ಜೋಡಿಸುವುದು ಅದರ ವೈಶಿಷ್ಟ್ಯ. ಕಳ್ಳತನದ ಕಲಮಿನಡಿ ಒಬ್ಬ ಜೇಬಿನಲ್ಲಿ ತಿನಿಸು ಇಟ್ಟುಕೊಂಡು ಇನ್ನೊಬ್ಬನ ನಾಯಿಯನ್ನು ಬೆನ್ನ ಹಿಂದೆ ಕರೆದೊಯ್ಯುತ್ತಾನೆ. ನಾಯಿ ಹೆಜ್ಜೆ ಕಿತ್ತ ಕ್ಷಣವೇ ಕಳ್ಳತನ ಆಯಿತು! ಮತ್ತೊಬ್ಬ ಹಣದ ಪೆಟ್ಟಿಗೆ ಹೊತ್ತ ಎತ್ತನ್ನು ತನಗೆ ಬೇಕಾದತ್ತ ಹೊಡೆಯುತ್ತಾನೆ. ಇಂಥ ಪ್ರಸಂಗಗಳಿಗೆ ಕನ್ನಡ ಕಾನೂನು ಪುಸ್ತಕ ‘ದೃಷ್ಟಾಂತ’ ಎಂದೇ ಹೆಸರಿಟ್ಟಿತು. ಆ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಈ ರೂಢಿಯನ್ನು ಬಿಟ್ಟಿಲ್ಲ.

ಇನ್ನು ಚಿತ್ರದ, ಅಂದರೆ ಕಣ್ಣಿನ ಕಡೆಯ ಕಥೆ ಅಚ್ಚುಮನೆಯಿಂದ ಶುರುವಾಗುವುದಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ದ್ಯಾಮವ್ವ, ಲಕ್ಷ್ಮಿಯರ ಮರದ ಮೂರ್ತಿಗಳಿಗೆ ಜಾತ್ರೆಗೆ ಮುನ್ನ ಹೊಸ ಬಣ್ಣ ಹಚ್ಚುವ ಪದ್ಧತಿ ಇದೆ. ಮರ ಮತ್ತು ಬಣ್ಣ ಕೂಡಿದ ಈ ಕಸುಬು ಗೋಕಾಕದಲ್ಲಿ ಆಟಿಕೆಯತ್ತ ಹೊರಳಿತು. ಕಸುಬಿನವರು ಜೀನಗಾರರು. ಕುದುರೆಯ ಜೀನು ಮಾಡುತ್ತಿದ್ದುದರಿಂದ ಬಂದ ಹೆಸರು ಅದು. ಜೀನು ಹೋಯಿತು, ಹೆಸರು ಉಳಿಯಿತು. ಊರಿನಲ್ಲಿ ಹಗುರ ಕಟ್ಟಿಗೆಯಿಂದಲೂ ಸುತ್ತಲಿನ ಮಣ್ಣಿನಿಂದಲೂ ಗೊಂಬೆ, ಹಣ್ಣು ಮಾಡುವುದನ್ನು 20ನೆಯ ಶತಮಾನದ ಆರಂಭದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ.

ಗೋಕಾಕದ ಹೆಚ್ಚುಗಾರಿಕೆ ಹಣ್ಣು, ಕಾಯಿಪಲ್ಲೆಗಳಲ್ಲಿದೆ. ಒಣಗಿಸಿದ ಕಟ್ಟಿಗೆ ಕೆತ್ತಿ, ನಯ ಮಾಡಿ, ಬಿಳಿ ಲೇಪ ಕೊಟ್ಟು, ಮೇಲೆ ಬಣ್ಣ ಹಚ್ಚುತ್ತಾರೆ. ಮಾವಿನ ಒಂದು ಕೆನ್ನೆಗಷ್ಟೇ ಕೆಂಪು ಹಾಯಬೇಕು, ಬಾಳೆಹಣ್ಣಿನ ತುದಿ ಕಪ್ಪಾಗಬೇಕು, ಬದನೆಯ ತೊಟ್ಟು ಹಸಿರಾಗಿ ಮೈಗೆ ಅಂಟಿಕೊಂಡಿರಬೇಕು. ಕೈಯಲ್ಲಿ ಎತ್ತಿದಾಗ ಮಾತ್ರ ತೂಕ ಗುಟ್ಟು ಬಿಟ್ಟುಕೊಡುತ್ತದೆ. ಪುಸ್ತಕದ ಚಿತ್ರಕ್ಕೆ ಪಕ್ಕದಲ್ಲೊಂದು ಪಾಠ ಬೇಕು; ಈ ಹಣ್ಣಿಗೆ ಅದೂ ಬೇಡ. ಸಾಮಾನ್ಯನೂ ಪಂಡಿತನೂ ಒಂದೇ ನೋಟಕ್ಕೆ ಒಪ್ಪುವ ವಸ್ತು ಎಂಬ ಹಳೆಯ ಲಕ್ಷಣಕ್ಕೆ ಕೋರ್ಟಿನ ಪ್ರಸಂಗಕ್ಕಿಂತ ಇದೇ ಹತ್ತಿರ.

 ಗೋಕಾಕ ಎಂದರೆ ಈಗ ನೆನಪಾಗುವುದು ಜಲಪಾತ ಮತ್ತು ಕರದಂಟು. ಕಟ್ಟಿಗೆ ಹಣ್ಣಿನ ಹೆಸರು ಆ ಸಾಲಿನಲ್ಲಿ ಹಿಂದೆ ಬಿದ್ದಿದೆ.