ಮಾತು ಬಾರದ ದೂರುದಾರ: ಕೋಲ್ಕತ್ತಾದ ಡೇಕೇರ್‌ಗಳು ಮತ್ತು ಕಾನೂನಿನ ಹೊಣೆ

2014ರ ಜುಲೈನಲ್ಲಿ ಕೋಲ್ಕತ್ತಾದ ಲೇಕ್ ಟೌನ್‌ನಲ್ಲಿ ಮನೆಪಾಠದ ಶಿಕ್ಷಕಿಯೊಬ್ಬರು ಮೂರೂವರೆ ವರ್ಷದ ಮಗುವನ್ನು ಥಳಿಸಿದ ಸಂಗತಿ ಬೆಳಕಿಗೆ ಬಂದದ್ದು ಮನೆಯ ಸಿಸಿಟಿವಿಯಿಂದ. ಎರಡು ವರ್ಷಗಳ ನಂತರ ನವಿ ಮುಂಬಯಿಯ ಖಾರ್ಘರ್‌ನ ಡೇಕೇರ್‌ನಲ್ಲಿ ಹತ್ತು ತಿಂಗಳ ಕೂಸನ್ನು ಆಯಾ ಹೊಡೆದದ್ದಕ್ಕೂ ಕ್ಯಾಮೆರಾವೇ ಸಾಕ್ಷಿಯಾಯಿತು. ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಆಗುವ ಗಾಯಕ್ಕೆ ಉತ್ತರ ಕೊಡಬೇಕಾದವರು ಯಾರು? ಕೇಂದ್ರ ನಡೆಸುವವರ ಹೊಣೆ ನಮ್ಮ ಕಾನೂನಿನಲ್ಲಿ ಸ್ಪಷ್ಟವಾಗಿಯೇ ಇದೆ. ಅದನ್ನು ಸಾಬೀತುಪಡಿಸುವ ದಾರಿಯನ್ನು ಮಾತ್ರ ಯಾರೂ ಕಟ್ಟಿಲ್ಲ ಎಂಬುದು ಈ ಲೇಖನದ ವಾದ.

ಶುಲ್ಕ ಕಟ್ಟುವವರು ಪೋಷಕರು, ಪೆಟ್ಟು ತಿನ್ನುವುದು ಮಗು. ಅಪ್ರಾಪ್ತರ ಕರಾರು ಆರಂಭದಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಆ ವ್ಯಾಜ್ಯ ಹುಟ್ಟಿದ್ದು ಕೋಲ್ಕತ್ತಾದಲ್ಲೇ. ಹಾಗಾದರೆ ಕರಾರಿನಲ್ಲಿ ಪಕ್ಷವೇ ಅಲ್ಲದ ಮಗುವಿಗೆ ಪರಿಹಾರದ ಹಕ್ಕು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ. ದಾದಿ ಕೊಟ್ಟ ತಪ್ಪು ಚುಚ್ಚುಮದ್ದಿನಿಂದ ಮಗುವಿನ ಮಿದುಳಿಗೆ ಹಾನಿಯಾಗಿತ್ತು. ಸೇವೆಗೆ ಹಣ ಕೊಟ್ಟ ತಂದೆತಾಯಿ, ಸೇವೆ ಪಡೆದ ಮಗು ಇಬ್ಬರೂ ಗ್ರಾಹಕರೇ ಎಂದ ಸುಪ್ರೀಂ ಕೋರ್ಟ್, ಮಗುವಿಗೆ 12.5 ಲಕ್ಷ, ಪೋಷಕರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಡೇಕೇರ್‌ಗೂ ಈ ತರ್ಕ ಹಾಗೆಯೇ ಅನ್ವಯಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 1995ರಲ್ಲಿ ಪಠಾಣ್‌ಕೋಟ್ ಬಳಿಯ ಶಾಲೆಯೊಂದರ 14 ಮಕ್ಕಳು ಪ್ರವಾಸಕ್ಕೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿದಾಗಲೂ, ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಹೀಗಿರುವಾಗ ಆಯಾಳೊಬ್ಬಳನ್ನು ಕೆಲಸದಿಂದ ತೆಗೆದು ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ದಾಖಲಾತಿಯ ದಿನ ಪೋಷಕರಿಂದ ಸಹಿ ಹಾಕಿಸಿಕೊಳ್ಳುವ 'ಗಾಯಕ್ಕೆ ನಾವು ಹೊಣೆಯಲ್ಲ' ಎಂಬ ಒಕ್ಕಣೆಯೂ ಮಗುವಿನ ಸ್ವಂತ ಹಕ್ಕನ್ನು ಕಿತ್ತುಕೊಳ್ಳಲಾರದು ಎಂದೇ ವಾದಿಸಬೇಕು.

ಕ್ರಿಮಿನಲ್ ಕಾನೂನಿನ ಚಿತ್ರ ಇಷ್ಟು ಸರಳವಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ನೌಕರರು ಅಥವಾ ನಿರ್ವಾಹಕರು ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ ವಿಧಿಸುತ್ತದೆ. ಆದರೆ ನಿರ್ಲಕ್ಷ್ಯ ಉದ್ದೇಶಪೂರ್ವಕವಾಗಿರಬೇಕು. ಮೆಟ್ಟಿಲ ಬಾಗಿಲು ಹಾಕಲು ಮರೆತು ಮಗು ಉರುಳಿಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನತ್ತ ತಿರುಗಬೇಕಾಗುತ್ತದೆ. ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಅಪರಾಧವನ್ನು ವರದಿ ಮಾಡುವುದು ಕಡ್ಡಾಯ. ಕೈಮೂಳೆ ಮುರಿದರೆ, ಬಿಸಿನೀರು ಬಿದ್ದು ಸುಟ್ಟರೆ ಅಂಥ ಕಡ್ಡಾಯ ಆ ಕಾಯ್ದೆಯಲ್ಲಿಲ್ಲ.

ಗಾಯವಾಗುವ ಮುನ್ನವೇ ತಪಾಸಣೆ ಮಾಡುವವರು ಯಾರು ಎಂದು ಹುಡುಕಿದರೆ ಕೊರತೆ ಇನ್ನೂ ದೊಡ್ಡದು. 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುವಿಹಾರ ಕಡ್ಡಾಯವೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೋಲ್ಕತ್ತಾದ ಸೆಕ್ಟರ್ ಫೈವ್‌ನ ದೊಡ್ಡ ಐಟಿ ಕಂಪನಿ ಇದರೊಳಗೆ ಬರುತ್ತದೆ. ಸಾಲ್ಟ್ ಲೇಕ್‌ನಲ್ಲೋ ಗರಿಯಾದಲ್ಲೋ ಫ್ಲ್ಯಾಟೊಂದರಲ್ಲಿ ಹತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಇದು ಸೋಕುವುದೇ ಇಲ್ಲ. ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ನೋಂದಣಿ ಇರುವುದು ರಕ್ಷಣೆ ಅಗತ್ಯವಿರುವ ಅಥವಾ ಕಾನೂನಿನೊಂದಿಗೆ ಸಂಘರ್ಷಕ್ಕಿಳಿದ ಮಕ್ಕಳನ್ನು ಇರಿಸುವ ಸಂಸ್ಥೆಗಳಿಗೆ. ಸಂಜೆ ಅಮ್ಮ ಬಂದು ಕರೆದೊಯ್ಯುವ ಮಗು ಆ ಲೆಕ್ಕದಲ್ಲಿಲ್ಲ. ಇನ್ನು ಕೋಲ್ಕತ್ತಾ ನಗರಪಾಲಿಕೆ ಕೊಡುವ ವ್ಯಾಪಾರದ ನೋಂದಣಿ ಪ್ರಮಾಣಪತ್ರವಿದೆ. ಒಬ್ಬ ಆಯಾಳ ಕೈಗೆ ಎಷ್ಟು ಮಕ್ಕಳು ಎಂಬುದನ್ನು ಅದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಮಗುವನ್ನು ಡೇಕೇರ್‌ಗೆ ಬಿಟ್ಟು ಕೆಲಸಕ್ಕೆ ಹೋಗುವ ತಾಯಂದಿರ ಆತಂಕವೂ ಇದಕ್ಕಿಂತ ಬೇರೆಯಲ್ಲ.

ಕಾಲಮಿತಿಯಲ್ಲೂ ಒಂದು ಅಸಂಗತಿಯಿದೆ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಮಿನಂತೆ ಮಗು ಪ್ರಾಪ್ತವಯಸ್ಸಿಗೆ ಬಂದ ಮೇಲೂ ದಾವೆ ಹೂಡಬಹುದು. ಅಷ್ಟು ಕಾಲ ಯಾವ ಡೇಕೇರ್ ತನ್ನ ದಾಖಲೆಗಳನ್ನು ಜೋಪಾನ ಮಾಡೀತು? ಕ್ಯಾಮೆರಾದ ಚಿತ್ರವಂತೂ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಪಶ್ಚಿಮ ಬಂಗಾಳ ಸರ್ಕಾರ, ಅದರೊಂದಿಗೆ ಕರ್ನಾಟಕವೂ, ಖಾಸಗಿ ಡೇಕೇರ್‌ಗಳ ನೋಂದಣಿಯನ್ನು ಕಡ್ಡಾಯ ಮಾಡಲಿ. ಪ್ರತಿ ಗಾಯವನ್ನೂ ಅದೇ ದಿನ ಬರೆದು ಪೋಷಕರಿಗೆ ಪ್ರತಿ ಕೊಡುವ ನಿಯಮ ತರಲಿ. ಆ ಬರಹವಿಲ್ಲದ ಪಕ್ಷದಲ್ಲಿ, ತಾನು ನಿರ್ಲಕ್ಷ್ಯ ಮಾಡಿಲ್ಲವೆಂದು ರುಜುವಾತುಪಡಿಸುವ ಭಾರ ಕೇಂದ್ರದ ಮೇಲೆಯೇ ಬೀಳಲಿ.