ಎರಡು ನೀರು, ಎರಡು ದಾರಿ

ಹಂಪೆಯನ್ನು ನೋಡಹೋದವರು ಕಲ್ಲಿನ ರಥವನ್ನು ಕಂಡು ಬೆರಗಾಗುತ್ತಾರೆ, ವಿರೂಪಾಕ್ಷನ ಗೋಪುರಕ್ಕೆ ಕೈಮುಗಿಯುತ್ತಾರೆ, ಹಾಳು ಅರಮನೆಯ ಜಗತಿಯ ಮೇಲೆ ನಿಂತು ನಿಟ್ಟುಸಿರು ಬಿಡುತ್ತಾರೆ. ತಮ್ಮ ಕಾಲಡಿಯಲ್ಲಿಯೇ ಹಾದುಹೋಗುವ ಕಲ್ಲಿನ ಚರಂಡಿಯನ್ನು ನೋಡುವವರು ವಿರಳ. ಸಾಮ್ರಾಜ್ಯದ ವೈಭವವನ್ನು ಗೋಪುರದಲ್ಲಿ ಅಳೆಯುವುದು ನಮ್ಮ ವಾಡಿಕೆ. ಆದರೆ ಊರಿನ ವಿವೇಕವನ್ನು ಅಳೆಯಬೇಕಾದರೆ, ಅಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ವಿಚಾರಿಸಬೇಕು. ಈ ಹೊತ್ತು ನಾವು ಆ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತೇವೆ. ವಿಷಯ ಸಭ್ಯವಾದುದಲ್ಲವೆಂದು ಯಾರಾದರೂ ಮೂಗು ಮುರಿದರೆ, ಭಾದ್ರಪದದ ಒಂದು ರಾತ್ರಿ ಬಚ್ಚಲ ನೀರು ಹಿಂದಿರುಗಿ ನಡುಮನೆಗೆ ಬಂದಾಗ ಆ ಮೂಗೇ ಅವರಿಗೆ ಉತ್ತರ ಹೇಳೀತು.

1980ರ ದಶಕದ ಅಗೆತದಲ್ಲಿ ಅರಮನೆಯ ಆವರಣದೊಳಗೆ ಮೆಟ್ಟಿಲುಗಳ ಪುಷ್ಕರಣಿಯೊಂದು ಹೊರಬಿದ್ದಿತು. ಅದಕ್ಕೆ ನೀರು ತರುತ್ತಿದ್ದ ಕಲ್ಲುದೋಣಿಗಳ ಸಾಲು ಕಂಬಗಳ ಮೇಲೆ ಇಂದಿಗೂ ನಿಂತಿದೆ. ಒಳಗೆ ಬರುವ ಶುದ್ಧಜಲ ನೆಲಕ್ಕೆ ತಾಕದಂತೆ ಮೇಲೆ, ಹೊರಗೆ ಹೋಗುವ ನೀರು ಚರಂಡಿಯಲ್ಲಿ ಕೆಳಗೆ. ಎರಡು ನೀರು, ಎರಡು ದಾರಿ. ಆ ನಗರದ ನೀರುಗೆಲಸದಲ್ಲಿ ನಾವು ಕಲಿಯಬೇಕಾದ ಪಾಠವೆಲ್ಲ ಈ ನಾಲ್ಕು ಮಾತಿನಲ್ಲಿ ಅಡಗಿದೆಯೆಂದರೂ ಸಲ್ಲುತ್ತದೆ.

ಆ ಕಾಲದವರು ತಪ್ಪೇ ಮಾಡಲಿಲ್ಲವೆಂದು ನಾವು ಹೇಳುತ್ತಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಕೃಷ್ಣದೇವರಾಯನು ಬೆಟ್ಟಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ವರ್ಣಿಸಿದ್ದಾನೆ. ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳತ್ತ ಹೋಗುವಾಗ ಸಿಕ್ಕುವ ರಾಯರ ಕೆರೆಯೇ ಅದೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಏರಿ ಎರಡು ಮೂರು ಬಾರಿ ಒಡೆಯಿತಂತೆ. ಕಾರಣ ಕೇಳಿದ್ದಕ್ಕೆ, ದೇವತೆಗೆ ಬಲಿ ಬೇಕೆಂಬ ಉತ್ತರ ಬಂದಿತು; ಅರಸನ ಅಪ್ಪಣೆಯಂತೆ ಗುಡಿಯ ಬಾಗಿಲಲ್ಲಿ 60 ಮಂದಿಯ ತಲೆ ಉರುಳಿತೆಂದು ಪಾಯಸ್ ಬರೆದಿದ್ದಾನೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಡೆಗೆ ನಾವು ಇದಕ್ಕೆ ಮರಳಿ ಬರುವೆವು.

ಈಗ ನಮ್ಮ ಮನೆಯ ಹಿತ್ತಿಲಿಗೆ ಬರೋಣ. ಒಳಚರಂಡಿ ತಲುಪದ ಮನೆಗಳವರು ನೆಚ್ಚಿರುವ ಸೆಪ್ಟಿಕ್ ಟ್ಯಾಂಕು ಬಹು ಹಳೆಯದೇನೂ ಅಲ್ಲ. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಮೂರಾಸ್ ಎಂಬಾತನು ಇಂಥದೊಂದು ತೊಟ್ಟಿಯನ್ನು ಕಟ್ಟಿದನು. 1881ರಲ್ಲಿ ಅದಕ್ಕೆ ಹಕ್ಕುಪತ್ರವೂ ದೊರೆಯಿತು. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಕ್ಯಾಮರಾನ್ ಇದನ್ನು ಬೆಳಸಿ, ಈಗಿನ ಹೆಸರನ್ನು ಕೊಟ್ಟನು. ಇದರ ತತ್ತ್ವ ಸರಳ. ತೊಟ್ಟಿಯಲ್ಲಿ ನೀರು ನಿಶ್ಚಲವಾಗಿ ನಿಂತಾಗ ಭಾರವಾದುದು ಗಸಿಯಾಗಿ ತಳಕ್ಕಿಳಿಯುತ್ತದೆ, ಜಿಡ್ಡು ಕೆನೆಯಾಗಿ ಮೇಲೆ ತೇಲುತ್ತದೆ. ಗಾಳಿಯಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಗಸಿಯನ್ನು ಮೆಲ್ಲನೆ ಕರಗಿಸುತ್ತವೆ. ನಡುವಣ ನೀರು ಮಾತ್ರ ಇಂಗುಗುಂಡಿಗೆ ಹರಿಯುತ್ತದೆ. ಹೀಗೆ ಅರ್ಧ ಕೆಲಸ ತೊಟ್ಟಿಯದು, ಉಳಿದರ್ಧ ನೆಲದ್ದು. ನಾವು ತೊಟ್ಟಿಯನ್ನು ಕಟ್ಟುವಾಗ ಗಾರೆಯವನನ್ನು ವಿಚಾರಿಸುತ್ತೇವೆ, ನೆಲವನ್ನು ವಿಚಾರಿಸುವುದಿಲ್ಲ.

ನೆಲವಾದರೋ ಊರಿಂದೂರಿಗೆ ಬೇರೆ. ಹಂಪೆಯಲ್ಲಿ ಮೊಳದುದ್ದ ಅಗೆದರೆ ಬಂಡೆ ಅಡ್ಡ ಬರುವ ಜಾಗಗಳೇ ಹೆಚ್ಚು. ಇಂಗಬೇಕಾದ ನೀರು ಬಂಡೆಯ ಮೇಲೆ ಜಾರಿ ತಗ್ಗಿನವರ ಅಂಗಳದಲ್ಲಿ ಮೇಲೇಳುತ್ತದೆ. ಎರೆಮಣ್ಣಿನ ನೆಲ ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಬಾಯಿ ಮುಚ್ಚುತ್ತದೆ. ಅನಂತರ ಒಂದು ಕೊಡ ನೀರನ್ನೂ ಒಲ್ಲೆನೆನ್ನುತ್ತದೆ. ಹೊಸಪೇಟೆ, ಕಂಪ್ಲಿಗಳ ಸುತ್ತ ಕಾಲುವೆಯ ನೀರುಂಡ ಬಾಳೆ, ಕಬ್ಬು, ಬತ್ತದ ಗದ್ದೆಗಳುಂಟು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ಹರಿಯುತ್ತಿವೆ. ಈ ಸೌಭಾಗ್ಯದ ಬೆನ್ನಿಗೆ ಒಂದು ತೊಡಕೂ ಇದೆ: ಅಂತರ್ಜಲ ಮೇಲೆಯೇ ನಿಂತಿರುತ್ತದೆ. ಸಂಡೂರಿನಲ್ಲಿ ಕಷ್ಟ ಬೇರೆ ಬಗೆಯದು. ಬೆಟ್ಟದಿಂದ ಇಳಿಯುವ ಕೆಂಪು ನೀರು ಮಣ್ಣನ್ನು ಹೊತ್ತು ಬಂದು, ಮುಚ್ಚಳದ ಸಂದಿಯಲ್ಲಿ ನುಗ್ಗಿ ತೊಟ್ಟಿಯನ್ನು ಹೂಳಿನಿಂದ ತುಂಬುತ್ತದೆ.

ಇದರ ಮೇಲೆ ನದಿಯ ಮಾತು. 1945ರಲ್ಲಿ ಮೊದಲಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿಗೆ 33 ತೂಬಿನ ಬಾಗಿಲುಗಳು. ಜಲಾಶಯ ತುಂಬಿ ಅವನ್ನು ತೆರೆದಾಗ ಹಂಪೆಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೆ ನೀರು ಹಾಯುತ್ತದೆ. 2019ರ ಆಗಸ್ಟಿನ ಪ್ರವಾಹವನ್ನು ಆ ಕಡೆಯವರು ಮರೆತಿಲ್ಲ. ಹೊಳೆ ಉಬ್ಬಿದಾಗ ದಡದ ನೆಲದೊಳಗಿನ ನೀರೂ ಉಬ್ಬುತ್ತದೆ. ಇಂಗುಗುಂಡಿಯಿಂದ ನೀರು ಹೊರಹೋಗುವುದಿರಲಿ, ಹೊರಗಿನ ನೀರೇ ಅದರೊಳಕ್ಕೆ ಬರುತ್ತದೆ. ಮೊದಲು ಶೌಚಾಲಯದ ನೀರು ಗುಳುಗುಳಿಸುತ್ತ ನಿಧಾನವಾಗಿ ಇಳಿಯುತ್ತದೆ. ಬಳಿಕ ಇಳಿಯುವುದೇ ಇಲ್ಲ. ಕಡೆಗೆ ಹಿಂದಿರುಗಿ ಬರುತ್ತದೆ. ನೆರೆಯ ಬಾವಿಗೆ ಅದು ಸೇರಿದರೆ ವಾಂತಿಭೇದಿ ಮನೆಯಿಂದ ಮನೆಗೆ ನಡೆಯುತ್ತದೆ.

ನಿಸರ್ಗದ ತಪ್ಪು ಇಷ್ಟಾದರೆ ನಮ್ಮದು ಇನ್ನಷ್ಟು. ಮಾಳಿಗೆಯ ಮಳೆನೀರಿನ ಕೊಳವೆಯನ್ನು ಶೌಚದ ತೊಟ್ಟಿಗೇ ಜೋಡಿಸಿದ ಮನೆಗಳನ್ನು ನಾವು ಬಲ್ಲೆವು. ಹತ್ತು ಮಂದಿ ಒಂದು ದಿನದಲ್ಲಿ ಬಳಸುವಷ್ಟು ನೀರು ಒಂದು ಜಡಿಮಳೆಯಲ್ಲಿ ಮಾಳಿಗೆಯಿಂದ ಸುರಿಯಬಲ್ಲದು. ನಿಶ್ಚಲವಾಗಿರಬೇಕಾದ ತೊಟ್ಟಿ ಕಲಕಿ, ಗಸಿಯೆಲ್ಲ ಇಂಗುಗುಂಡಿಗೆ ನುಗ್ಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಮಳೆ ನಿಂತ ಮೇಲೂ ಆ ಗುಂಡಿ ಸುಧಾರಿಸುವುದಿಲ್ಲ. ಎರಡು ನೀರಿಗೆ ಒಂದೇ ದಾರಿ ಮಾಡಿದುದರ ಫಲವಿದು.

ಇಂಥ ಗಳಿಗೆಯಲ್ಲಿ ಮನೆಯವರು ಏನು ಮಾಡುತ್ತಾರೆ? ಯಾರನ್ನಾದರೂ ಕರೆದು ಗುಂಡಿಗೆ ಇಳಿ ಎನ್ನುತ್ತಾರೆ. ನಮ್ಮ ಮಾತಿನ ತಿರುಳು ಇಲ್ಲಿದೆ. ತೊಟ್ಟಿಯೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಕೂಡಿರುತ್ತದೆ. ಅದು ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ಅಪಾಯದ ಸುಳಿವೂ ಸಿಗದು. ಮೊದಲನೆಯವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿಯನ್ನು ನಮ್ಮ ನಾಡಿನಲ್ಲಿ 1970ರ ದಶಕದಲ್ಲಿಯೇ, ದೇವರಾಜ ಅರಸರ ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಹೊರಟರು. 2013ರ ಕೇಂದ್ರ ಕಾನೂನು ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಇಂಥ ತೊಟ್ಟಿಗೆ ಇಳಿಸುವುದನ್ನು ಅಪರಾಧವೆಂದಿತು. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ವಿಧಿಸಿತು. ಇಷ್ಟಾಗಿಯೂ ಸಾವು ನಿಂತಿಲ್ಲ. ಸತ್ತವರ ಜಾತಿ ಯಾವುದೆಂದು ಕೇಳುವ ಅಗತ್ಯವೂ ಬೀಳುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಬದಲು ಬೇಸಗೆಯಲ್ಲಿಯೇ ಎಚ್ಚರಬೇಕು. ಎರಡು ಮೂರು ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹೀರುಯಂತ್ರದ ಗಾಡಿಯಿಂದ ಗಸಿಯನ್ನು ತೆಗೆಸಬೇಕು. ಮಾಳಿಗೆಯ ನೀರಿಗೆ ಬೇರೆ ದಾರಿ ಕೊಡಬೇಕು. ಮುಚ್ಚಳವನ್ನು ನೆಲಕ್ಕಿಂತ ಎತ್ತರಿಸಿ ಸಂದಿಗಳನ್ನು ಗಾರೆಯಿಂದ ಮುಚ್ಚಬೇಕು. ಗಾಳಿಕೊಳವೆಯನ್ನು ಮಾತ್ರ ಮುಚ್ಚಬಾರದು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರಿಗೆ ಕಡಮೆಯಿಲ್ಲದಷ್ಟು ದೂರವಿರಬೇಕು. ನೆರೆ ಬಂದಿರುವಾಗ ತೊಟ್ಟಿಯನ್ನು ಪೂರ್ತಿ ಬರಿದುಮಾಡುವುದೂ ತಪ್ಪು. ಸುತ್ತಣ ನೀರಿನ ಒತ್ತಡಕ್ಕೆ ಬರಿದಾದ ತೊಟ್ಟಿ ಮೇಲಕ್ಕೆದ್ದು ಬಿರಿಯಬಹುದು. ಆಗ ಮನೆಯವರು ನೀರಿನ ಬಳಕೆಯನ್ನು ತಗ್ಗಿಸಿ, ನೆರೆ ಇಳಿಯುವವರೆಗೆ ಕಾಯುವುದೇ ಲೇಸು.

ಕೆರೆಯ ಏರಿಗಾಗಿ 60 ತಲೆಗಳನ್ನು ಒಪ್ಪಿಸಿದ ಕಥೆಯನ್ನು ಓದಿದಾಗ, ಎಂತಹ ಕತ್ತಲೆಯ ಕಾಲವೆಂದು ನಾವು ಮರುಗುತ್ತೇವೆ. ಅವರಿಗಾದರೋ ಏರಿ ಒಡೆದುದರ ಕಾರಣ ತಿಳಿಯದೆ ಹೋಯಿತು. ನಮಗೆ ಕಾರಣವೆಲ್ಲ ತಿಳಿದಿದೆ. ತಿಳಿದೂ ಒಬ್ಬನನ್ನು ಗುಂಡಿಗೆ ಇಳಿಸುವ ನಾವು, ಪಾಯಸನಂಥ ಇನ್ನೊಬ್ಬ ಪ್ರವಾಸಿ ಬಂದು ನಮ್ಮ ವಿಷಯ ಬರೆದರೆ, ಯಾವ ಮುಖದಿಂದ ಓದಿಕೊಳ್ಳುವೆವು?