ಬೆಂಗಳೂರು–ಮೈಸೂರು ರೈಲುದಾರಿಯ ವೇಗವೂ ವೆಚ್ಚವೂ

ರೈಲುಗಾಡಿಯ ವೇಗವೆಂದೊಡನೆ ಜನರ ದೃಷ್ಟಿಯು ಎಂಜಿನ್ನಿನ ಕಡೆಗೆ ಹರಿಯುವುದು ಸಹಜ. ಆದರೆ ವೇಗವು ದಾರಿಯ ಗುಣವನ್ನೂ, ದಾರಿಯ ಗುಣವು ಅದನ್ನು ಹಾಕಿಸಿದವರ ಬೊಕ್ಕಸವನ್ನೂ ಅನುಸರಿಸುವುದು. ಸುಮಾರು 138 ಕಿಲೋಮೀಟರ್, ಎಂದರೆ 86 ಮೈಲಿ ಉದ್ದದ ಬೆಂಗಳೂರು–ಮೈಸೂರು ದಾರಿಯ ಚರಿತ್ರೆಯಿಂದ ಈ ಸಂಗತಿಯು ಸ್ಪಷ್ಟವಾಗುತ್ತದೆ.

ಮದರಾಸಿನ ಕಡೆಯ ದಾರಿಯು 1864ರಲ್ಲಿಯೇ ಬೆಂಗಳೂರಿನ ದಂಡಿನ ಪ್ರದೇಶವನ್ನು ಮುಟ್ಟಿತ್ತು. ಅದರ ಹಳಿಗಳ ನಡುವಣ ಅಂತರವು 5 ಅಡಿ 6 ಅಂಗುಲ. ಆದರೆ ಮೇಯೋ ಪ್ರಭುವಿನ ಕಾಲದಲ್ಲಿ, 1870ರಲ್ಲಿ, ಭಾರತ ಸರ್ಕಾರವು ಮಿತವ್ಯಯದ ದೃಷ್ಟಿಯಿಂದ ಮೀಟರ್ ಅಗಲದ ಹಳಿಯನ್ನು ಅಂಗೀಕರಿಸಿತು. ಮೈಸೂರಿನ ದಾರಿಗೂ ಅದೇ ಅಳತೆಯಾಯಿತು. 1876–78ರ ಮಹಾಕ್ಷಾಮವು ಧಾನ್ಯಸಾಗಣೆಯ ಅಗತ್ಯವನ್ನು ಎಲ್ಲರಿಗೂ ಮನಗಾಣಿಸಿತ್ತು. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯವು ಹಿಂದಿರುಗಿದಾಗ ಕ್ಷಾಮದ ಸಾಲದ ಹೊರೆಯೂ ಜೊತೆಯಲ್ಲಿಯೇ ಬಂದಿತು. ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ, 1882ರಲ್ಲಿ, ದಾರಿಯು ಮೈಸೂರನ್ನು ತಲಪಿತು. ಎತ್ತಿನ ಬಂಡಿಗೆ ಹಲವು ದಿನಗಳ ಪಯಣವಾಗಿದ್ದುದು ಕೆಲವು ಗಂಟೆಗಳಿಗೆ ಇಳಿದಾಗ, ಇನ್ನೂ ವೇಗ ಬೇಕೆಂದು ಕೇಳುವವರು ಯಾರೂ ಇದ್ದಿರಲಾರರು.

ಹೀಗಿರುವಲ್ಲಿ ಅಂದಿನ ಮಿತವ್ಯಯವನ್ನು ದೋಷವೆನ್ನಲಾಗದು. ಆದರೆ ಅಂದು ಉಳಿದ ಹಣಕ್ಕೆ ಮುಂದಿನ ತಲೆಮಾರುಗಳು ಬಡ್ಡಿ ತೆರಬೇಕಾಯಿತು. ಕಿರಿದಾದ ಹಳಿಯ ಮೇಲೆ ಗಾಡಿಯ ಗಾತ್ರಕ್ಕೂ ವೇಗಕ್ಕೂ ಮಿತಿಯಿತ್ತು. ಎರಡು ಅಳತೆಗಳು ಕೂಡುವ ಬೆಂಗಳೂರಿನಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗಿತ್ತು. ದಾರಿಯು ಅಗಲ ಹಳಿಗೆ ಪರಿವರ್ತಿತವಾದುದು 1990ರ ದಶಕದಲ್ಲಿ, ಎಂದರೆ ಶತಮಾನಕ್ಕೂ ಮೀರಿದ ಮೇಲೆ.

ಗಣಿತವನ್ನು ನೋಡಿದರೆ ವೇಗವೃದ್ಧಿಯ ಕಷ್ಟವು ಇನ್ನೂ ವಿಶದವಾಗುವುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ 138 ಕಿ.ಮೀ. ಎಡೆಬಿಡದೆ ಓಡಲು ಸುಮಾರು 83 ನಿಮಿಷ ಬೇಕು, 110 ಕಿ.ಮೀ. ವೇಗದಲ್ಲಿ 75 ನಿಮಿಷ. ಉಳಿತಾಯವು ಎಂಟೇ ನಿಮಿಷ. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಗಾಡಿಯನ್ನು ನಿಲ್ಲಿಸುವಾಗ ಅಡಗಿಸಬೇಕಾದ ಶಕ್ತಿಯು ನೂರಕ್ಕೆ 21ರಷ್ಟು ಹೆಚ್ಚುವುದು. ತಿರುವುಗಳಲ್ಲಿ ಹೊರಹಳಿಯನ್ನು ಎತ್ತರಿಸಬೇಕಾಗುವುದು. ಅದು ಮಿತಿಮೀರಿದರೆ ನಿಧಾನವಾಗಿ ಸಾಗುವ ಸರಕುಗಾಡಿಗಳ ಭಾರಕ್ಕೆ ಒಳಹಳಿಯು ಸವೆಯುವುದು. ಇತ್ತ ಒಂದು ನಿಲ್ದಾಣದಲ್ಲಿ ನಿಂತು ಹೊರಡಲು ಎರಡು ನಿಮಿಷಗಳಿಗೂ ಮಿಕ್ಕು ಕಾಲ ವ್ಯಯವಾಗುತ್ತದೆ. ಆದುದರಿಂದ ಮೂರು ನಾಲ್ಕು ನಿಲ್ದಾಣಗಳನ್ನು ಬಿಟ್ಟರೆ, ಹಳಿಗೆ ಕಾಸು ಹಾಕದೆಯೇ ಅಷ್ಟು ಉಳಿತಾಯ ದೊರೆಯುವುದು.

ಒಂಟಿ ದಾರಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟವು ಎದುರುಗಾಡಿಗಾಗಿ ಕಾಯುವುದರಿಂದ ಆಗುತ್ತಿತ್ತು. ಅದಕ್ಕೆ ಪರಿಹಾರವಾದ ಜೋಡಿದಾರಿಯ ಕೆಲಸವು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದರ ಬಳಿ ತಡೆದು ನಿಂತಿತು. ಸುಮಾರು 1,000 ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು ನೂರು ಮೀಟರಿನಾಚೆಗೆ ಸಾಗಿಸಲಾಯಿತು. ವೇಗದ ಲೆಕ್ಕದಲ್ಲಿ ಚರಿತ್ರೆಯ ರಕ್ಷಣೆಯ ವೆಚ್ಚವೂ ಸೇರಿದುದು ಪ್ರಶಂಸನೀಯವೇ ಸರಿ.

2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಗಾಡಿಯು ಆರಂಭವಾಯಿತು. 160 ಕಿ.ಮೀ. ವೇಗಕ್ಕೆ ಸಮರ್ಥವಾದ ಈ ಗಾಡಿಗೂ ಸುಮಾರು 500 ಕಿ.ಮೀ. ದಾರಿಗೆ ಆರೂವರೆ ಗಂಟೆಗಳಷ್ಟು ಕಾಲವನ್ನು ಗೊತ್ತುಪಡಿಸಲಾಯಿತು. ಸರಾಸರಿಯು ಸಾಮರ್ಥ್ಯದ ಅರ್ಧವನ್ನೂ ಮುಟ್ಟಲಿಲ್ಲ.

ಬಿಡದಿ, ಚನ್ನಪಟ್ಟಣ, ಮದ್ದೂರು, ಪಾಂಡವಪುರಗಳಲ್ಲಿ ಹತ್ತಿ ಇಳಿಯುವ ಪ್ರಯಾಣಿಕನ ದೃಷ್ಟಿಯಿಂದಲೂ ಈ ವಿಷಯವು ವಿಚಾರಾರ್ಹವಾಗಿದೆ. ನಿಲ್ದಾಣಗಳನ್ನು ಬಿಟ್ಟು ಗಳಿಸಿದ ವೇಗಕ್ಕೆ ಬೊಕ್ಕಸವು ಬೆಲೆ ತೆರುವುದಿಲ್ಲ. ಶೀಘ್ರಗಾಡಿಗೆ ದಾರಿಬಿಟ್ಟು ಪಕ್ಕದ ಹಳಿಯಲ್ಲಿ ಕಾಯುವ ಸಾಮಾನ್ಯ ಗಾಡಿಯವರು ತೆರುತ್ತಾರೆ. ಜೋಡಿದಾರಿಯ ವೆಚ್ಚವು ಅಧಿಕವಾದರೂ ಅದರ ಫಲವು ಎರಡು ಬಗೆಯ ಗಾಡಿಗಳಿಗೂ ಸಲ್ಲುವುದು. ಪ್ರಾಂತೀಯ ರೈಲುಗಳ ವೇಗವೃದ್ಧಿಗೆ ಹಣವನ್ನು ವಿನಿಯೋಗಿಸುವವರು ಈ ಭೇದವನ್ನು ಮೊದಲು ಗಮನಿಸತಕ್ಕದ್ದು.